ಯಂತ್ರದ ಪರಕಾಯಪ್ರವೇಶ

ವಿಕ್ರಮಾದಿತ್ಯನ ಹೆಗಲನ್ನೇರಿದ ಬೇತಾಳವು ಅವನಿಗೆ ಹಾಕಿದ ಪ್ರಶ್ನೆಗಳಲ್ಲಿ ತಲೆ ಬದಲಾದವರ ಪ್ರಶ್ನೆಯೊಂದುಂಟು. ದೇವಿಯ ಗುಡಿಯಲ್ಲಿ ಗಂಡನೂ ಸಹೋದರನೂ ತಮ್ಮ ತಲೆಗಳನ್ನು ತಾವೇ ಅರಿದುಕೊಂಡು ಬಿದ್ದಿರುವುದನ್ನು ಕಂಡ ಸಾಧ್ವಿಯೊಬ್ಬಳು, ದೇವಿಯ ವರದಿಂದ ಅವರನ್ನು ಬದುಕಿಸುವ ಆತುರದಲ್ಲಿ, ಒಬ್ಬನ ತಲೆಯನ್ನು ಇನ್ನೊಬ್ಬನ ಮುಂಡಕ್ಕೆ ಜೋಡಿಸಿಬಿಟ್ಟಳು. ಇಬ್ಬರೂ ಎದ್ದು ಕುಳಿತರು. ಈಗ ಅವರಲ್ಲಿ ಆಕೆಯ ಗಂಡನಾರು? ಅಂಗಗಳಿಗೆಲ್ಲ ಶಿರಸ್ಸೇ ಪ್ರಧಾನವಾದುದರಿಂದ ಗಂಡನ ತಲೆ ಯಾವ ದೇಹದ ಮೇಲಿರುವುದೋ ಅವನೇ ಗಂಡನೆಂದು ರಾಜನು ತೀರ್ಪಿತ್ತನು. ಬೇತಾಳವು ಮರಳಿ ಮರವನ್ನೇರಿತು. ಪ್ರಶ್ನೆಯು ಮಾತ್ರ ಅದರೊಡನೆ ಮರವನ್ನೇರಲಿಲ್ಲ. ತೇರಿನ ಗಾಲಿ ಮುರಿದು ಹೊಸ ಗಾಲಿ ಬಂದಾಗ, ಗುಡಿಯ ಕಂಬ ಸೀಳಿ ಬೇರೆ ಕಂಬ ನಿಂತಾಗ, ವೀಣೆಯ ದಂಡಿ ಬದಲಾದಾಗ, ಅದು ಮತ್ತೆ ಮತ್ತೆ ಇಳಿದು ಬರುತ್ತದೆ. ಈ ಕಾಲದಲ್ಲಿ ಅದು ಬಂದು ಕುಳಿತಿರುವ ಎಡೆಗಳಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳನ್ನಿಡುವ ಕೊಟ್ಟಿಗೆಯೂ ಒಂದು.

ವಾಚಕರು ಇಂಗ್ಲೆಂಡಿನ ಒಂದು ಸಣ್ಣ ಊರನ್ನೂ, ಅಲ್ಲಿಯ ಒಬ್ಬ ಗೃಹಸ್ಥನನ್ನೂ ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕು. ಅವನ ತಂದೆಯು 1969ರಲ್ಲಿ, ಮದುವೆಯಾದ ಹೊಸದರಲ್ಲಿ, ಎಂ.ಜಿ.ಬಿ. ಎಂಬ ಎರಡು ಆಸನಗಳ ತೆರೆದ ಗಾಡಿಯೊಂದನ್ನು ಕೊಂಡನು. ಆಬಿಂಗ್‌ಡನ್ ಪಟ್ಟಣದಲ್ಲಿ 1962ರಿಂದ 1980ರವರೆಗೆ ತಯಾರಾದ ಈ ಜಾತಿಯ ಗಾಡಿಗಳು ಐದು ಲಕ್ಷಕ್ಕೂ ಮಿಕ್ಕಿವೆ. ಇದು ರಾಜರ ವಾಹನವಲ್ಲ. ಶಾಲೆಯ ಉಪಾಧ್ಯಾಯನೂ ಗುಮಾಸ್ತೆಯೂ ಹಣ ಕೂಡಿಟ್ಟು ಕೊಳ್ಳುತ್ತಿದ್ದ ಗಾಡಿ. ಅದರ ಎಂಜಿನು 1798 ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರುಗಳ, ಎರಕದ ಕಬ್ಬಿಣದ ಗಟ್ಟಿ ಜೀವ. ವೇಗದ ವಿಷಯದಲ್ಲಿ ಅದಕ್ಕೆ ಹೇಳಿಕೊಳ್ಳುವಂಥ ಕೀರ್ತಿಯಿಲ್ಲ. ತಾಳ್ಮೆಯ ವಿಷಯದಲ್ಲಿ ಉಂಟು.

ತಂದೆಗೆ ಒಂದು ಅಭ್ಯಾಸವಿತ್ತು. ಚಳಿಗಾಲಕ್ಕೆ ಮೊದಲು ರೇಡಿಯೇಟರಿಗೆ ಆಂಟಿಫ್ರೀಜ್ ದ್ರವವನ್ನು ತುಂಬಿ, ತುಂಬಿದ ದಿನವನ್ನು ಒಂದು ಸಣ್ಣ ರಟ್ಟಿನ ಚೀಟಿಯ ಮೇಲೆ ಬರೆದು, ಅದನ್ನು ದಾರದಿಂದ ಅಲ್ಲಿಯೇ ಕಟ್ಟುತ್ತಿದ್ದನು. ಅವನ ಕೊನೆಯ ಬೇಸಗೆಯಲ್ಲಿ ನೀರಿನ ಕೊಳವೆಯೊಂದು ಒಡೆಯಿತು. ಕೊಳವೆಯನ್ನು ಬದಲಾಯಿಸಿ, ಚಳಿ ಬರುವ ಮುನ್ನ ನೋಡಿಕೊಂಡರಾಯಿತೆಂದು ಸದ್ಯಕ್ಕೆ ಬರಿಯ ನೀರನ್ನು ತುಂಬಿದನು. ಚಳಿ ಬರುವುದರೊಳಗೆ ಅವನು ಹಾಸಿಗೆ ಹಿಡಿದನು. ಆ ಮನೆಯಲ್ಲಿ ಆ ಚಳಿಗಾಲ ಯಾರಿಗೂ ಗಾಡಿಯ ನೆನಪಾಗಲಿಲ್ಲ. ಆಗಬೇಕಾದ ಕಾರಣವೂ ಇರಲಿಲ್ಲ. ನೀರು ಹೆಪ್ಪುಗಟ್ಟುವಾಗ ಹಿಗ್ಗುವುದೆಂಬುದನ್ನು ಶಾಲೆಯ ಹುಡುಗರೂ ಬಲ್ಲರು. ಎರಕದ ಕಬ್ಬಿಣವಾದರೋ ಬಾಗಲರಿಯದು, ಬಿರಿಯುವುದನ್ನು ಮಾತ್ರ ಬಲ್ಲುದು. ವಸಂತದಲ್ಲಿ ಮಗನು ಕೊಟ್ಟಿಗೆಯ ಬಾಗಿಲನ್ನು ತೆರೆದಾಗ, ಎಂಜಿನಿನ ಪಕ್ಕೆಯಲ್ಲಿ ಒಂದು ಗೇಣುದ್ದದ ಸೀಳು ಕಾಣಿಸಿತು. ತಂದೆಯು ಅಷ್ಟರಲ್ಲಿ ತೀರಿಕೊಂಡಿದ್ದನು.

ಇನ್ನು ಮಾಡತಕ್ಕದ್ದೇನು? ಊರಿನ ಮುದಿ ಮೆಕ್ಯಾನಿಕನು ನಾಲ್ಕು ದಾರಿಗಳನ್ನು ತೋರಿಸಿದನು. ಬಿರುಕು ಬಿಟ್ಟ ಕಬ್ಬಿಣವನ್ನು ಬೆಂಕಿಯಿಲ್ಲದೆ, ಸಣ್ಣ ಲೋಹದ ಕೀಲುಗಳನ್ನು ಸಾಲಾಗಿ ಕೂಡಿಸಿ, ಬಟ್ಟೆ ಹೊಲಿದಂತೆ ಹೊಲಿಯುವ ಕೆಲಸವೊಂದುಂಟು. ಅದಕ್ಕೆ ಹಣವೂ ಕಾಲವೂ ಹೆಚ್ಚು ಬೇಕು, ಫಲವು ನಿಶ್ಚಿತವಲ್ಲ. ಎರಡನೆಯದು, ಅದೇ ಜಾತಿಯ ಬೇರೊಂದು ಎಂಜಿನನ್ನು ತಂದು ಕೂಡಿಸುವುದು. ಮೂರನೆಯದು, ಹೇಗೂ ತೆಗೆದದ್ದಾಯಿತಲ್ಲ ಎಂದು ಎಂಟು ಸಿಲಿಂಡರುಗಳ ಬಲಶಾಲಿಯೊಂದನ್ನು ಇಳಿಸುವುದು. ನಾಲ್ಕನೆಯದನ್ನು ಮೆಕ್ಯಾನಿಕನು ಮೆಲ್ಲನೆಯ ದನಿಯಲ್ಲಿ ಹೇಳಿದನು: ಎಂಜಿನೇ ಬೇಡವೆಂದು ವಿದ್ಯುತ್ತಿನ ಮೋಟಾರನ್ನು ಇಡುವುದು.

ಮಗನಿಗೆ ಮೂರನೆಯದರಲ್ಲಿ ಮನಸ್ಸು. ಅದಕ್ಕೆ ಕಾರಣವಿಲ್ಲದೆ ಇರಲಿಲ್ಲ. ಬಾಲ್ಯದಲ್ಲಿ ತಂದೆಯ ಗಾಡಿಯನ್ನು ಹಿಂದೆ ಹಾಕಿ ಹೋಗುತ್ತಿದ್ದ ಗಾಡಿಗಳನ್ನು ಅವನು ಎಣಿಸುತ್ತಿದ್ದನು. ಆದರೂ ಆತುರಪಡದೆ, ತನಗಿಂತ ಮುಂಚೆ ಈ ಕೆಲಸವನ್ನು ಮಾಡಿದವರು ಏನು ಕಂಡರೆಂಬುದನ್ನು ಸಂಜೆಗಳಲ್ಲಿ ಕುಳಿತು ಓದತೊಡಗಿದನು.

ಮೊದಲು ಅವನಿಗೆ ಸಿಕ್ಕಿದುದು ಬಲು ಉತ್ಸಾಹವನ್ನು ಕೊಡುವ ಚರಿತ್ರೆ. ಥೇಮ್ಸ್ ಡಿಟನ್ನಿನ ಎ.ಸಿ. ಕಂಪೆನಿಯು 1953ರಲ್ಲಿ ಏಸ್ ಎಂಬ ಸ್ಪೋರ್ಟ್ಸ್ ಕಾರನ್ನು ಹೊರತಂದಿತು. ಜಾನ್ ಟೊಜೇರೊ ಎಂಬಾತನು ಯೋಜಿಸಿದ ಅದರ ಚೌಕಟ್ಟು ಹೊಸದು, ಹಗುರವಾದುದು. ಎಂಜಿನು ಮಾತ್ರ 1919ರಲ್ಲಿಯೇ ಜಾನ್ ವೆಲ್ಲರನು ರೂಪಿಸಿ ತೋರಿಸಿದ್ದ ಆರು ಸಿಲಿಂಡರುಗಳದು. ಮೊಮ್ಮಗನ ಮೈಗೆ ಅಜ್ಜನ ಎದೆ! ಅಷ್ಟರಿಂದ ತೃಪ್ತರಾಗದವರಿಗಾಗಿ 1956ರಿಂದ ಬ್ರಿಸ್ಟಲ್ ಕಂಪೆನಿಯ 1971 ಘನ ಸೆಂಟಿಮೀಟರಿನ ಎಂಜಿನನ್ನು ಕೂಡಿಸತೊಡಗಿದರು. ಅದಾದರೂ ಇಂಗ್ಲೆಂಡಿನಲ್ಲಿ ಹುಟ್ಟಿದ್ದಲ್ಲ; ಯುದ್ಧಕ್ಕೆ ಮುಂಚಿನ ಜರ್ಮನಿಯ ಬಿ.ಎಂ.ಡಬ್ಲ್ಯು. 328ರ ಎಂಜಿನು ಯುದ್ಧಾನಂತರ ಬ್ರಿಸ್ಟಲಿಗೆ ಬಂದು ಅಲ್ಲಿಯ ಹೆಸರನ್ನು ಪಡೆದಿತ್ತು. 1961ರಲ್ಲಿ ಬ್ರಿಸ್ಟಲಿನವರು ಅದನ್ನು ಮಾಡುವುದನ್ನು ನಿಲ್ಲಿಸಲು, ಏಸಿಗೆ ಫೋರ್ಡ್ ಜೆಫಿರ್ ಎಂಬ ಮನೆವಾರ್ತೆಯ ಗಾಡಿಯ 2.6 ಲೀಟರಿನ ಎಂಜಿನು ಬಂದಿತು. ಅದೇ ವರ್ಷ ಟೆಕ್ಸಾಸಿನ ಕ್ಯಾರೊಲ್ ಶೆಲ್ಬಿಯು, ನಿಮ್ಮ ಗಾಡಿಗೆ ಅಮೆರಿಕದ ಎಂಟು ಸಿಲಿಂಡರುಗಳ ಎಂಜಿನನ್ನು ಇಡಬಹುದೇ ಎಂದು ಎ.ಸಿ. ಕಂಪೆನಿಗೆ ಪತ್ರ ಬರೆದನು. 1959ರಲ್ಲಿ ಲೆ ಮಾನ್ಸಿನ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು ಗೆದ್ದ ಇಬ್ಬರಲ್ಲಿ ಅವನೊಬ್ಬನು. ತನ್ನ ಹೃದಯವೇ ರೋಗಕ್ಕೆ ಈಡಾಗಿ ಪಂದ್ಯಗಳನ್ನು ಬಿಡಬೇಕಾಗಿ ಬಂದವನು. ತನ್ನ ಎದೆಗೆ ಇಲ್ಲದ ಬಲವನ್ನು ಆತನು ಗಾಡಿಯ ಎದೆಗೆ ತಂದನು. ಫೋರ್ಡ್ ಕಂಪೆನಿಯು ಎಂಜಿನನ್ನು ಕೊಟ್ಟಿತು. 1962ರಲ್ಲಿ ಮೊದಲನೆಯ ಕೋಬ್ರಾ ಸಿದ್ಧವಾಯಿತು. 1965ರಲ್ಲಿ ಅದೇ ಕುಲದ ಗಾಡಿಗಳು ಗ್ರ್ಯಾಂಡ್ ಟೂರಿಂಗ್ ವಿಭಾಗದ ಅಂತರರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದವು.

ಒಂದೇ ಮೈಗೆ ಕೆಲವೇ ವರ್ಷಗಳಲ್ಲಿ ನಾಲ್ಕು ಎದೆಗಳು. ಹಾಗಿರಲು ಮೂಲ ಯಾವುದು, ಪ್ರಕ್ಷಿಪ್ತ ಯಾವುದು? ಗ್ರಂಥಸಂಪಾದನೆ ಮಾಡುವ ಪಂಡಿತನಿಗೂ ಇಲ್ಲಿ ತಲೆ ತಿರುಗಬಹುದು. ಮಗನಿಗೆ ಇದನ್ನೋದಿ ಧೈರ್ಯ ಬಂದಿತು. ಆದರೆ ಅದೇ ಚರಿತ್ರೆಯ ಮುಂದಿನ ಪುಟದಲ್ಲಿ ಒಂದು ಎಚ್ಚರಿಕೆಯೂ ಇತ್ತು. ಆರಂಭದಲ್ಲಿ 260 ಘನ ಅಂಗುಲವಿದ್ದ ಎಂಜಿನು 289 ಆಯಿತು. ಹಿಂಬದಿಯ ಗಿಯರುಗಳನ್ನು ಬಲಪಡಿಸಬೇಕಾಯಿತು. ಕೊನೆಗೆ 427 ಘನ ಅಂಗುಲದ, ಏಳು ಲೀಟರಿನ ಎಂಜಿನನ್ನು ಇಡಹೋದಾಗ ಹಳೆಯ ಚೌಕಟ್ಟು ತಾಳಲಾರದೆಂದು ದಪ್ಪ ಕೊಳವೆಗಳ ಹೊಸ ಚೌಕಟ್ಟನ್ನೇ ಕಟ್ಟಿ, ಪಟ್ಟಿಯ ಸ್ಪ್ರಿಂಗುಗಳಿಗೆ ಬದಲು ಸುರುಳಿಯವನ್ನು ಹಾಕಿದರು. ಎದೆಯನ್ನು ಬದಲಾಯಿಸಹೊರಟವರು ಕಡೆಗೆ ಮೈಯನ್ನೂ ಬದಲಾಯಿಸಿದರು. ಶಂಕರಾಚಾರ್ಯರು ಅಮರುಕ ರಾಜನ ದೇಹವನ್ನು ಹೊಕ್ಕ ಕಥೆಯಲ್ಲಿ, ರಾಜನ ಮಾತಿನಲ್ಲಿ ಹಿಂದಿಲ್ಲದ ಪ್ರಭೆಯನ್ನು ಕಂಡು ಮಂತ್ರಿಗಳು ಸಂಶಯಪಟ್ಟರಂತೆ. ಹೊಕ್ಕ ಜೀವವು ಹೊಕ್ಕ ದೇಹವನ್ನು ಇದ್ದಂತೆಯೇ ಇರಗೊಡುವುದಿಲ್ಲ.

ಎರಡನೆಯ ಚರಿತ್ರೆಯು ಅವನ ಗಾಡಿಯ ಸ್ವಂತ ಮನೆತನದ್ದೇ. 1967ರಲ್ಲಿ ಇದೇ ಎಂ.ಜಿ.ಬಿ.ಯ ಮೈಗೆ 2912 ಘನ ಸೆಂಟಿಮೀಟರಿನ ಆರು ಸಿಲಿಂಡರುಗಳ ಎಂಜಿನನ್ನು ಇಟ್ಟು, ಎಂ.ಜಿ.ಸಿ. ಎಂದು ಹೆಸರಿಟ್ಟು ಮಾರಿದರು. ಶಕ್ತಿಯು 95 ಕುದುರೆಗಳಿಂದ 145ಕ್ಕೆ ಏರಿತು. ಆದರೆ ಆ ಎಂಜಿನು ನಾಲ್ಕು ಸಿಲಿಂಡರಿನದಕ್ಕಿಂತ ಸುಮಾರು 200 ಪೌಂಡು ಭಾರ, ಎತ್ತರವೂ ಹೆಚ್ಚು. ಅದು ಹಿಡಿಸಲೆಂದು ಮುಂಭಾಗದ ಮುಚ್ಚಳವನ್ನು ಉಬ್ಬಿಸಿದರು, ಮುಂದಿನ ಗಾಲಿಗಳ ಸ್ಪ್ರಿಂಗುಗಳ ಕ್ರಮವನ್ನೇ ಬದಲಾಯಿಸಿದರು. ಭಾರವೆಲ್ಲ ಮೂತಿಯ ಮೇಲೆ ಬಿದ್ದು, ತಿರುವಿನಲ್ಲಿ ಗಾಡಿಯು ತಿರುಗಲೊಲ್ಲದೆ ನೇರವಾಗಿ ಹೋಗಬಯಸುವುದೆಂದು ಪರೀಕ್ಷಕರು ದೂರಿದರು. ಎರಡೇ ವರ್ಷಗಳಲ್ಲಿ, ಸುಮಾರು ಒಂಬತ್ತು ಸಾವಿರ ಗಾಡಿಗಳಾದ ಮೇಲೆ, ಅದು ನಿಂತುಹೋಯಿತು. ಎತ್ತಿನ ಗಾಡಿಯಲ್ಲಿ ಹೇರನ್ನೆಲ್ಲ ನೊಗದ ಕಡೆಗೆ ತುಂಬಿದರೆ ಏನಾಗುವುದೆಂಬುದನ್ನು ಯಾವ ರೈತನೂ ಹೇಳಬಲ್ಲನು.

ಇದಕ್ಕೆ ಉತ್ತರವು ವಿಚಿತ್ರವಾದ ಮಾರ್ಗದಿಂದ ಬಂದಿತು. ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿಯವರು 1961ರಲ್ಲಿ ಅಲ್ಯೂಮಿನಿಯಮ್ಮಿನ ಎರಕದ, 215 ಘನ ಅಂಗುಲದ, ಎಂಟು ಸಿಲಿಂಡರುಗಳ ಹಗುರವಾದ ಎಂಜಿನೊಂದನ್ನು ಬ್ಯೂಕ್ ಗಾಡಿಗೆ ಮಾಡಿ, ಖರ್ಚು ಮೀರಿತೆಂದು 1963ರಲ್ಲಿ ಕೈಬಿಟ್ಟರು. ರೋವರ್ ಕಂಪೆನಿಯ ಮುಖ್ಯಸ್ಥ ವಿಲಿಯಂ ಮಾರ್ಟಿನ್-ಹರ್ಸ್ಟನು ದೋಣಿಯ ಎಂಜಿನುಗಳನ್ನು ಮಾಡುವ ಅಮೆರಿಕದ ಕಾರ್ಖಾನೆಯೊಂದಕ್ಕೆ ಹೋದಾಗ ಅದನ್ನು ಕಂಡನು. ಅವನ ಪ್ರಯತ್ನದಿಂದ 1965ರಲ್ಲಿ ಅದನ್ನು ಮಾಡುವ ಹಕ್ಕು ರೋವರಿಗೆ ದೊರೆಯಿತು. ತೌರಿನವರು ಹೊರದೂಡಿದ ಆ ಎಂಜಿನು ಹೊಕ್ಕ ಮನೆಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಬಾಳಿತು. ಅದರ ಗಾತ್ರ ದೊಡ್ಡದಾದರೂ ತೂಕವು ಎಂ.ಜಿ.ಬಿ.ಯ ಕಬ್ಬಿಣದ ಎಂಜಿನಿಗೆ ಹೆಚ್ಚುಕಡಮೆ ಸಮ. ಕೆನ್ ಕಾಸ್ಟೆಲ್ಲೊ ಎಂಬಾತನು ಇದನ್ನರಿತು, 1970ರ ಸುಮಾರಿನಲ್ಲಿ ತನ್ನ ಸಣ್ಣ ಕಾರ್ಯಾಗಾರದಲ್ಲಿಯೇ ಎಂ.ಜಿ.ಬಿ.ಗಳಿಗೆ ಅದನ್ನು ಕೂಡಿಸಿ ಮಾರತೊಡಗಿದನು. ದೊಡ್ಡ ಕಂಪೆನಿಯು ಅವನ ಗಾಡಿಯನ್ನು ತರಿಸಿ ನೋಡಿ, ಕೊನೆಗೆ 1973ರಲ್ಲಿ ತಾನೇ ಎಂಟು ಸಿಲಿಂಡರುಗಳ ಎಂ.ಜಿ.ಬಿ.ಯನ್ನು ಹೊರಡಿಸಿತು. ಗಂಟೆಗೆ ಸುಮಾರು 125 ಮೈಲಿ ಓಡುವ ಗಾಡಿ ಅದು. ಆ ವರ್ಷವೇ ತೈಲದ ಬರ ಬಂದಿತು. 1976ರಲ್ಲಿ ನಿಲ್ಲಿಸುವುದರೊಳಗೆ 2591 ಗಾಡಿಗಳು ಮಾತ್ರ ಆಗಿದ್ದವು.

ಮಗನಿಗೆ ಈಗ ಆಸೆ ಮತ್ತಷ್ಟು ಬಲಿಯಿತು. ತೂಕ ಸಮ, ಶಕ್ತಿ ಅಧಿಕ, ಮತ್ತೇನು ಬೇಕು? ಮೆಕ್ಯಾನಿಕನು ತಲೆಯಾಡಿಸಿ ಎಣಿಸತೊಡಗಿದನು: ರೇಡಿಯೇಟರನ್ನು ಮುಂದಕ್ಕೆ ಸರಿಸಬೇಕು, ಬ್ರೇಕುಗಳನ್ನು ದಪ್ಪ ಮಾಡಬೇಕು, ಹಿಂದಿನ ಅಚ್ಚಿನ ಹಲ್ಲುಗಳ ಪ್ರಮಾಣವನ್ನು ಬದಲಾಯಿಸಬೇಕು, ಹೊಗೆಯ ಕೊಳವೆಯು ಸ್ಟಿಯರಿಂಗಿನ ದಂಡಕ್ಕೆ ತಾಗುವುದರಿಂದ ಅದಕ್ಕೆ ಬೇರೆ ಹಾದಿ ಮಾಡಬೇಕು, ಮತ್ತು ಇದು 1969ರ ಮೈಯಾದುದರಿಂದ ಕೆಲವೆಡೆ ತಗಡನ್ನು ಕತ್ತರಿಸಬೇಕು. ಕತ್ತರಿಸಬೇಕು ಎಂಬ ಮಾತು ಬಂದಾಗ ಮಗನು ಸುಮ್ಮನಾದನು.

ಇಂಥ ಇಕ್ಕಟ್ಟಿನ ಪ್ರಸಿದ್ಧ ನಿದರ್ಶನವು ಸನ್‌ಬೀಮ್ ಟೈಗರಿನದು. ರೂಟ್ಸ್ ಸಮೂಹದವರು 1964ರಲ್ಲಿ ತಮ್ಮ ಸೌಮ್ಯವಾದ ಆಲ್ಪೈನ್ ಗಾಡಿಗೆ ಫೋರ್ಡಿನ ಎಂಟು ಸಿಲಿಂಡರುಗಳನ್ನು ತುರುಕಿ, ಅದಕ್ಕೆ ಹುಲಿಯೆಂದು ಹೆಸರಿಟ್ಟರು. ಮೊದಲ ಮಾದರಿಯೊಂದನ್ನು ಸಿದ್ಧಪಡಿಸಿದವನು ಅದೇ ಶೆಲ್ಬಿ. ಸ್ಥಳ ಎಷ್ಟು ಕಿರಿದೆಂದರೆ, ಹಿಂದಿನ ಒಂದು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಲು ಗಾಡಿಯ ಒಳಗಿನಿಂದ ಕೈ ಹಾಕಬೇಕು. ಮುಂದೆ ರೂಟ್ಸ್ ಸಮೂಹವು ಕ್ರೈಸ್ಲರ್ ಕಂಪೆನಿಯ ವಶವಾಯಿತು. ಕ್ರೈಸ್ಲರಿನವರು ತಮ್ಮ ಗಾಡಿಯೊಳಗೆ ಪ್ರತಿಸ್ಪರ್ಧಿಯಾದ ಫೋರ್ಡಿನ ಎಂಜಿನಿರುವುದನ್ನು ಸಹಿಸುವುದುಂಟೆ? ತಮ್ಮದೇ ಎಂಜಿನನ್ನು ಇಡಲು ನೋಡಿದರು. ಅದರಲ್ಲಿ ಡಿಸ್ಟ್ರಿಬ್ಯೂಟರು ಹಿಂಬದಿಯಲ್ಲಿ. ಆ ಗೂಡಿನಲ್ಲಿ ಅದಕ್ಕೆ ಎಡೆಯಿಲ್ಲ. ಹೀಗೆ ಒಂದು ಅಂಗೈಯಗಲದ ಭಾಗವು ಕುಳಿತಿರುವ ಸ್ಥಳದಿಂದಾಗಿ 1967ರಲ್ಲಿ ಹುಲಿಯು ಅಳಿಯಿತು. ಬಲವನ್ನು ಕೊಂಡು ತರಬಹುದು. ಅದು ಕುಳಿತುಕೊಳ್ಳುವ ಜಾಗವನ್ನು ಯಾವ ಅಂಗಡಿಯಲ್ಲಿಯೂ ಮಾರುವುದಿಲ್ಲ.

ಭಾರತದ ವಾಚಕರಿಗೆ ಈ ಎಂ.ಜಿ.ಬಿ.ಯು ಸಂಪೂರ್ಣ ಪರಕೀಯವೇನಲ್ಲ. ಅದರ ಎಂಜಿನು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ ಶ್ರೇಣಿಗೆ ಸೇರಿದ್ದು. ಬಹುಕಾಲ ಕನ್ನಡನಾಡಿನ ವೈದ್ಯರನ್ನೂ ಅಮಲ್ದಾರರನ್ನೂ ಮದುವೆಯ ದಿಬ್ಬಣಗಳನ್ನೂ ಹೊತ್ತು ತಿರುಗಿದ ಅಂಬಾಸಿಡರಿನ 1489 ಘನ ಸೆಂಟಿಮೀಟರಿನ ಎಂಜಿನೂ ಅದೇ ಶ್ರೇಣಿಯದು, ಎರಡೂ ದಾಯಾದಿಗಳು. ಆ ಅಂಬಾಸಿಡರಿನಿಂದ ಪೆಟ್ರೋಲಿನ ಎಂಜಿನನ್ನು ಇಳಿಸಿ ಡೀಸೆಲಿನದನ್ನು ಏರಿಸಿಕೊಂಡ ಬಾಡಿಗೆ ಗಾಡಿಯವರು ಎಷ್ಟೋ ಜನ. ಅವರಾರೂ ಬೇತಾಳದ ಪ್ರಶ್ನೆಯನ್ನು ಕೇಳಿಕೊಳ್ಳಲಿಲ್ಲ. ಹೊಟ್ಟೆಪಾಡಿಗಾಗಿ ದುಡಿಯುವ ಗಾಡಿಗೆ ಎಂಜಿನು ಒಂದು ಎತ್ತು. ಮುದಿಯಾದರೆ ಬೇರೆ ಎತ್ತು. ಗಾಡಿಯು ದುಡಿಮೆಯನ್ನು ಬಿಟ್ಟು ನೆನಪಿನ ಪಾತ್ರೆಯಾದಾಗಲೇ ಪ್ರಶ್ನೆ ಏಳುವುದು.

ಕಾನೂನು ಈ ವಿಷಯದಲ್ಲಿ ಏನೆನ್ನುತ್ತದೆಂದು ಮಗನು ವಿಚಾರಿಸಿದನು. ಮಾರ್ಪಟ್ಟ ಗಾಡಿಯು ತನ್ನ ಹಳೆಯ ನೋಂದಣಿಯನ್ನು ಉಳಿಸಿಕೊಳ್ಳಬಹುದೇ ಎಂದು ತೀರ್ಮಾನಿಸಲು ಬ್ರಿಟನ್ನಿನ ನೋಂದಣಿ ಕಚೇರಿಯು ಬಹುಕಾಲ ಒಂದು ಅಂಕಗಣಿತವನ್ನಿಟ್ಟುಕೊಂಡಿತ್ತು. ಎಂಟು ಅಂಕಗಳು ಬೇಕು. ಚೌಕಟ್ಟಿಗೆ ಐದು, ಸ್ಪ್ರಿಂಗುಗಳಿಗೂ ಅಚ್ಚುಗಳಿಗೂ ಗಿಯರುಗಳಿಗೂ ಸ್ಟಿಯರಿಂಗಿಗೂ ಎರಡೆರಡು, ಎಂಜಿನಿಗೆ ಒಂದೇ ಒಂದು! ವಿಕ್ರಮಾದಿತ್ಯನ ತೀರ್ಪನ್ನು ಕಚೇರಿಯವರು ತಲೆಕೆಳಗು ಮಾಡಿದ್ದರು: ತಲೆಗೆ ಒಂದು ಅಂಕ, ಮುಂಡಕ್ಕೆ ಐದು. ಹರಾಜಿನ ಅಂಗಳದಲ್ಲಿಯಾದರೋ ನ್ಯಾಯ ಬೇರೆ. ಕಾರ್ಖಾನೆಯಿಂದ ಬಂದಾಗ ಇದ್ದ ಸಂಖ್ಯೆಯ ಎಂಜಿನೇ ಇದ್ದರೆ ಗಾಡಿಗೆ ಹೆಚ್ಚಿನ ಬೆಲೆ. ಒಂದೇ ವಸ್ತುವಿಗೆ ಕಚೇರಿಯಲ್ಲೊಂದು ತೂಕ, ಸಂತೆಯಲ್ಲೊಂದು ತೂಕ.

ಆ ಗೃಹಸ್ಥನಿಗೆ ಕಾಲೇಜಿನಲ್ಲಿ ಓದುವ ಮಗಳೊಬ್ಬಳಿದ್ದಳು. ಅವಳು ನಾಲ್ಕನೆಯ ದಾರಿಯ ಪಕ್ಷ. ಹೊಗೆಯುಗುಳುವ ಯಂತ್ರವನ್ನು ಹೊಲಿದು ಬದುಕಿಸುವುದೇಕೆ, ವಿದ್ಯುತ್ತಿನ ಮೋಟಾರನ್ನಿಟ್ಟರೆ ಈ ಗಾಡಿ ತನ್ನ ಮಕ್ಕಳ ಕಾಲಕ್ಕೂ ಓಡೀತಲ್ಲ, ಎಂಬುದು ಅವಳ ವಾದ. ಅದು ಹುಡುಗಾಟದ ಮಾತಲ್ಲ. 2017ರಲ್ಲಿ ಜಾಗ್ವಾರ್ ಕಂಪೆನಿಯವರೇ ತಮ್ಮ ಪ್ರಖ್ಯಾತವಾದ ಇ-ಟೈಪಿಗೆ ವಿದ್ಯುತ್ತಿನ ಮೋಟಾರನ್ನಿಟ್ಟು ತೋರಿಸಿದರು. 2018ರಲ್ಲಿ ರಾಜಕುಮಾರ ಹ್ಯಾರಿಯು ಮದುವೆಯ ಸಂಜೆ ವಧುವಿನೊಡನೆ ಅಂಥ ಗಾಡಿಯಲ್ಲಿಯೇ ಹೊರಟನು. ಪ್ರಾಚೀನ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ಸಂಸ್ಥೆಯು ಮಾತ್ರ 2019ರಲ್ಲಿ, ಹೀಗೆ ಮಾರ್ಪಟ್ಟುದು ಐತಿಹಾಸಿಕ ವಾಹನವೆನಿಸದೆಂದು ಹೇಳಿ, ಮಾಡಲೇಬೇಕೆಂಬವರು ಮರಳಿ ಮೊದಲಿನಂತೆ ಮಾಡಲು ಬರುವ ಹಾಗೆ ಮಾಡಿ, ತೆಗೆದ ಮೂಲಭಾಗಗಳನ್ನೆಲ್ಲ ಗುರುತಿಟ್ಟು ಕಾಪಾಡಬೇಕೆಂದು ಸಲಹೆಯಿತ್ತಿತು. ಜೀರ್ಣೋದ್ಧಾರದ ಧರ್ಮವೂ ಇದಕ್ಕೆ ದೂರವಲ್ಲ. ಮುಂದೆ ಬರುವವನ ಕೈಯನ್ನು ಕಟ್ಟಿಹಾಕದೆ ಇರುವುದೇ ಹಿಂದಿನವನಿಗೆ ಸಲ್ಲಿಸುವ ಮರ್ಯಾದೆ.

ಇಷ್ಟೆಲ್ಲ ಚರ್ಚೆಯನ್ನು ಮೂಲೆಯ ಕುರ್ಚಿಯಲ್ಲಿ ಕುಳಿತು ಕೇಳುತ್ತಿದ್ದ ವೃದ್ಧ ತಾಯಿಯು ಒಂದು ದಿನ ಮಗನನ್ನು ಕೇಳಿದಳು: “ನೀನು ನಿಮ್ಮ ತಂದೆಯ ಗಾಡಿಯನ್ನು ಉಳಿಸಬೇಕೆಂದಿರುವೆಯೋ, ನಿನ್ನದೊಂದು ಗಾಡಿಯನ್ನು ಕಟ್ಟಬೇಕೆಂದಿರುವೆಯೋ? ಎರಡೂ ಒಳ್ಳೆಯ ಕೆಲಸಗಳೇ. ಆದರೆ ಒಂದನ್ನು ಮಾಡುತ್ತ ಇನ್ನೊಂದನ್ನು ಮಾಡುತ್ತಿದ್ದೇನೆಂದು ಹೇಳಬೇಡ.”

ಬೇತಾಳವೂ ಇಷ್ಟು ನೇರವಾಗಿ ಕೇಳಿರಲಿಲ್ಲ. ಮಗನು ಆ ರಾತ್ರಿ ಕೊಟ್ಟಿಗೆಯಲ್ಲಿ ಒಬ್ಬನೇ ಬಹಳ ಹೊತ್ತು ಕುಳಿತಿದ್ದನು. ತನ್ನ ಆಸೆಯ ತಳದಲ್ಲಿ ವೇಗದ ಮೋಹವು ಸ್ವಲ್ಪ, ಬೇರೊಂದು ಹೆಚ್ಚು ಇದ್ದುದು ಅವನಿಗೆ ಆಗ ತಿಳಿಯಿತು. ಆ ಬಿರುಕನ್ನು ಕಂಡಾಗಲೆಲ್ಲ, ನಾಲ್ಕು ಮೈಲಿ ದೂರದಲ್ಲಿದ್ದ ತಾನು ಆ ಚಳಿಗಾಲದಲ್ಲಿ ಒಂದು ಸಂಜೆ ಬಂದು ಎರಡು ಸೇರು ದ್ರವವನ್ನು ಹಾಕಬಹುದಾಗಿತ್ತೆಂಬ ಮಾತು ನೆನಪಿಗೆ ಬರುತ್ತಿತ್ತು. ಹೊಸ ಎಂಜಿನು ಬಂದರೆ ಬಿರುಕು ಕಣ್ಮರೆಯಾಗುವುದು. ಎಂಟು ಸಿಲಿಂಡರುಗಳ ಗರ್ಜನೆಯಲ್ಲಿ ಆ ಮಾತು ಕೇಳಿಸದೆ ಹೋಗುವುದು. ಬಲ ಬೇಕೆಂದು ಬಲವನ್ನು ಕೂಡಿಸಿದವರ ಚರಿತ್ರೆಗಳನ್ನು ಅವನು ಓದಿದ್ದನು. ಮರೆವು ಬೇಕೆಂದು ಬಲವನ್ನು ಕೂಡಿಸುವುದು ಅವುಗಳಲ್ಲಿ ಎಲ್ಲಿಯೂ ಇರಲಿಲ್ಲ.

ಮರುದಿನ ಅವನು ಮೆಕ್ಯಾನಿಕನಿಗೆ ತಗಡನ್ನು ಕತ್ತರಿಸಬಾರದೆಂದು ಹೇಳಿದನು. ಅದೇ ಜಾತಿಯ, ಅದೇ ಕಾಲದ ಬೇರೊಂದು ಎಂಜಿನನ್ನು ಹುಡುಕಿ ತಂದು ಕೂಡಿಸಿದರು. ಬಿರುಕು ಬಿಟ್ಟುದನ್ನು ಬಿಚ್ಚಿ, ಒರೆಸಿ, ಕಬ್ಬಿಣ ಹೊಲಿಯುವವರ ಬಳಿಗೆ ಕಳುಹಿಸಿದರು. ಅದು ನೆಟ್ಟಗಾದರೆ ಒಂದು ದಿನ ಮರಳಿ ತನ್ನ ಸ್ಥಾನಕ್ಕೆ ಬಂದೀತು. ಆಗದಿದ್ದರೆ ಕೊಟ್ಟಿಗೆಯ ಮೂಲೆಯಲ್ಲಿ ಇದ್ದೀತು. ಮುಂದೆ ಮಗಳ ಕಾಲದಲ್ಲಿ ಅವಳು ಮೋಟಾರನ್ನಿಡಬೇಕೆಂದರೆ ಇಡಲಿ. ಮೈಯು ಹಾಗೆಯೇ ಇರುತ್ತದೆ, ತೀರ್ಮಾನವೂ ಅವಳದೇ.

ಗಾಡಿಯು ಸಿದ್ಧವಾದ ದಿನ ಮುದುಕಿಯು ತಲೆಗೆ ವಸ್ತ್ರವನ್ನು ಕಟ್ಟಿಕೊಂಡು, ಐವತ್ತು ವರ್ಷ ಕುಳಿತ ಎಡಗಡೆಯ ಆಸನದಲ್ಲಿ ಕುಳಿತಳು. ಎಂಜಿನು ಹೊತ್ತಿಕೊಂಡಿತು. ಅವಳು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೇಳಿ, “ಈ ದನಿ ಅವರದಲ್ಲ,” ಎಂದಳು. ಮಗನ ಮುಖ ಬಾಡಿತು. ಅವಳು ಬಾಗಿಲಿನ ಮೇಲಂಚನ್ನು, ಬಣ್ಣ ಸವೆದು ಹೋಗಿದ್ದ ಎಡೆಯಲ್ಲಿ, ಅಂಗೈಯಿಂದ ಸವರಿ, “ಗಾಡಿ ಅವರದೇ. ನಡೆ,” ಎಂದಳು.

ಶರತ್ಕಾಲ ಕಳೆಯಿತು. ಮೊದಲನೆಯ ಮಂಜು ಬೀಳುವುದಕ್ಕೆ ಇನ್ನೂ ಹಲವು ವಾರಗಳಿದ್ದಾಗಲೇ ಮಗನು ಕೊಟ್ಟಿಗೆಗೆ ಹೋಗಿ ರೇಡಿಯೇಟರಿಗೆ ದ್ರವವನ್ನು ತುಂಬಿದನು. ತಂದೆಯ ಮೇಜಿನ ಸೆಳೆಖಾನೆಯಲ್ಲಿ ರಟ್ಟಿನ ಚೀಟಿಗಳು ಇನ್ನೂ ಹತ್ತಾರು ಉಳಿದಿದ್ದವು. ಅವುಗಳಲ್ಲೊಂದನ್ನು ತೆಗೆದುಕೊಂಡು, ಆ ದಿನದ ತಾರೀಖನ್ನು ಬರೆದು, ದಾರದಿಂದ ಕಟ್ಟಿದನು.